ಕೋಕಾ ಹಾಕಿದ್ರೆ ಜಾಮೀನು ಸಿಗೋದೇ ಇಲ್ವಾ?

ಪ್ರಶ್ನೆ: ಸರ್, ನನ್ನ ತಮ್ಮನನ್ನು ಸುಲಿಗೆ ಗ್ಯಾಂಗಿನ ಕೇಸಲ್ಲಿ ಹಿಡಿದಿದ್ದಾರೆ. ಈಗ ಕೋಕಾ (ಕರ್ನಾಟಕ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ) ಸೇರಿಸಿದ್ದಾರೆ. ಅವನ ಮೇಲೆ ಹಿಂದೆ ಒಂದೂ ಕೇಸಿಲ್ಲ. ಆದರೂ ಹಾಕಬಹುದಾ?

ವಕೀಲರ ಉತ್ತರ: ಹಾಕಬಹುದು. ಕರ್ನಾಟಕದ ಈ ಕಾಯ್ದೆ 2000ದ್ದು, ಮಹಾರಾಷ್ಟ್ರದ ಇಂಥದ್ದೇ ಕಾಯ್ದೆ ಮೋಕಾ ನೋಡಿ ಮಾಡಿದ್ದು. ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಚಾರ್ಜ್‌ಶೀಟ್ ಇರಬೇಕು ಅನ್ನುತ್ತದೆ. ಆದರೆ ಅದು ಗ್ಯಾಂಗಿನ ಲೆಕ್ಕ, ಒಬ್ಬೊಬ್ಬನದಲ್ಲ. ಗೌರಿ ಲಂಕೇಶ್ ಹತ್ಯೆ ಕೇಸಲ್ಲಿ ಒಬ್ಬ ಆರೋಪಿ ಮೇಲಿನ ಕೋಕಾವನ್ನು ಹೈಕೋರ್ಟ್ ತೆಗೆದುಹಾಕಿತ್ತು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ಕೋಕಾವನ್ನು ಮತ್ತೆ ಊರ್ಜಿತಗೊಳಿಸಿತು. ಹಾಗಾಗಿ 'ಹಳೇ ಕೇಸಿಲ್ಲ' ಅನ್ನೋ ಒಂದೇ ವಾದ ನೆಚ್ಚಿಕೊಂಡು ಕೂರಬೇಡಿ. ಗ್ಯಾಂಗಿಗೂ ಅವನಿಗೂ ಏನು ನಂಟು ಅಂತ ಪೊಲೀಸರು ತೋರಿಸಿದ್ದಾರೆ, ಅದನ್ನು ನೋಡಿ. ಕೋಕಾ ಹಾಕೋ ಮುಂಚೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು, ಆ ಕಾಗದವನ್ನೂ ಓದಿ.

ಈಗಿನ ತುರ್ತು ಬೇರೆಯದೇ. ಮಾಮೂಲಿ ಕೇಸಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯ ಆಗಲ್ಲ. ಭಯೋತ್ಪಾದನೆಗೆ ಹಾಕೋ ಯುಎಪಿಎ ಕಾಯ್ದೆಯ ಕೇಸಲ್ಲೂ ಆಗಲ್ಲ. ಕೋಕಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಆಗುತ್ತದೆ. ಹೇಳಿಕೆ ಕೊಡಲೇಬೇಕು ಅಂತಿಲ್ಲ, ಕೊಟ್ಟರೆ ನಿನ್ನ ವಿರುದ್ಧವೇ ಬಳಸಬಹುದು ಅಂತ ಅವರು ಮೊದಲೇ ತಿಳಿಸಬೇಕು. ಇದು ನಿಮ್ಮ ತಮ್ಮನಿಗೆ ಗೊತ್ತಿದೆಯಾ? ಇವತ್ತೇ ನಿಮ್ಮ ವಕೀಲರ ಮೂಲಕ ತಿಳಿಸಿ. ಹೊಡೆದು ಬರೆಸಿಕೊಂಡಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಹೇಳಲಿ, ವೈದ್ಯಕೀಯ ತಪಾಸಣೆ ಕೇಳಲಿ. ಹೆದರಿ ಸುಮ್ನಿದ್ದರೆ ಆಮೇಲೆ ನಂಬಿಸೋದು ಬಹಳ ಕಷ್ಟ.

ಪ್ರಶ್ನೆ: 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಬರುತ್ತೆ ಅಂತಾರಲ್ಲ?

ಉತ್ತರ: ತಾನಾಗೇ ಬರಲ್ಲ, ಅರ್ಜಿ ಹಾಕಬೇಕು. ಇಲ್ಲಿ ತನಿಖೆಗೆ 180 ದಿನದವರೆಗೂ ಸಮಯ ಸಿಗಬಹುದು. ಅದಕ್ಕೆ ಸರ್ಕಾರಿ ಅಭಿಯೋಜಕರು ಕಾರಣ ಕೊಟ್ಟು ವರದಿ ಸಲ್ಲಿಸಬೇಕು, ಆರೋಪಿಯನ್ನು ಹಾಜರುಪಡಿಸಿ ವಿಷಯ ತಿಳಿಸಬೇಕು. 2022ರಲ್ಲಿ ಗುಜರಾತಿನ ಇಂಥದ್ದೇ ಕಾಯ್ದೆಯ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. 90ನೇ ದಿನದ ಆಸುಪಾಸು ವಕೀಲರು ಕೋರ್ಟಿನಲ್ಲೇ ಇರಲಿ.

ಮಾಮೂಲಿ ಜಾಮೀನು ಮಾತ್ರ ಕಷ್ಟ. ಇವನು ತಪ್ಪಿತಸ್ಥನಲ್ಲ, ಹೊರಗೆ ಬಂದರೂ ಅಪರಾಧ ಮಾಡಲ್ಲ ಅಂತ ಜಡ್ಜ್‌ಗೆ ಮೇಲ್ನೋಟಕ್ಕೆ ಅನ್ನಿಸಬೇಕು. ವಿಚಾರಣೆಯೇ ಶುರುವಾಗದೆ ಒಳಗೆ ಇರುವವನು ಅದನ್ನು ಹೇಗೆ ತೋರಿಸಬೇಕು? ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ವಿಚಾರಣೆ ವರ್ಷಗಟ್ಟಲೆ ಎಳೆದರೆ ದಾರಿ ಇದೆ. ಗೌರಿ ಲಂಕೇಶ್ ಕೇಸಿನ ಆ ಆರೋಪಿಗೇ 2023ರಲ್ಲಿ ಹೈಕೋರ್ಟ್ ಇದೇ ಕಾರಣಕ್ಕೆ ಜಾಮೀನು ಕೊಟ್ಟಿತು.

ಇನ್ನೊಬ್ಬರ ಪ್ರಶ್ನೆ: ಹೊಸ ನ್ಯಾಯ ಸಂಹಿತೆಯಲ್ಲೂ ಸಂಘಟಿತ ಅಪರಾಧ ಇದೆ ಅಲ್ವಾ?

ಉತ್ತರ: ಹೌದು, 111ನೇ ಕಲಂ, 2024ರ ಜುಲೈ 1ರಿಂದ. ಆದರೆ ಅದರಲ್ಲಿ ಜಾಮೀನಿಗೆ ಈ ಬಿಗಿ ಷರತ್ತಿಲ್ಲ, ಪೊಲೀಸರ ಮುಂದಿನ ತಪ್ಪೊಪ್ಪಿಗೆಯೂ ನಡೆಯಲ್ಲ. ಎಫ್‌ಐಆರ್‌ನಲ್ಲಿ ಯಾವುದು ಹಾಕಿದ್ದಾರೆ ಅಂತ ಮೊದಲು ನೋಡಿಕೊಳ್ಳಿ.