ಹೆರಿಗೆಗೆ ಊರಿಗೆ ಹೋಗಲಾ, ಇಲ್ಲೇ ಇರಲಾ?

ಮೊನ್ನೆ ಒಬ್ಬರು ಕೇಳಿದ್ದರು, ಮೊದಲ ಹೆರಿಗೆ, ಕೊಡಗಿಗೆ ಹೋಗಲಾ, ಇಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲೇ ಇರಲಾ ಅಂತ. ಬಂದ ಉತ್ತರಗಳೆಲ್ಲ ಎರಡೇ ಥರ. ತವರಿಗೆ ಸಾಟಿ ಇಲ್ಲ ಅನ್ನುವವರು ಒಂದು ಕಡೆ, ಇಲ್ಲಿನ ಆಸ್ಪತ್ರೆ ಬಿಟ್ಟು ಯಾರಾದರೂ ಹೋಗ್ತಾರಾ ಅನ್ನುವವರು ಇನ್ನೊಂದು ಕಡೆ. ನಾನು ಎರಡೂ ಮಾಡಿದವಳು. ದೊಡ್ಡವಳು 2019ರ ಜುಲೈನಲ್ಲಿ ಮಡಿಕೇರಿಯಲ್ಲಿ ಹುಟ್ಟಿದಳು, ಚಿಕ್ಕವನು 2022ರಲ್ಲಿ ಇಲ್ಲಿ, ಐಂಡ್‌ಹೋವನ್‌ನಲ್ಲಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಆಗ ಊರಿಗೆ ಹೋಗಿದ್ದು ರಜೆಯ ಲೆಕ್ಕದ ಮೇಲೆ. 2019ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮಗುವಿನ ಅಪ್ಪನಿಗೆ ಪೂರ್ತಿ ಸಂಬಳದ ರಜೆ ಒಂದೇ ವಾರ. ಅದು ಮುಗಿದ ಮೇಲೆ ನಾನು, ಮಗು, ನಾಲ್ಕು ಗೋಡೆ. 30ನೇ ವಾರಕ್ಕೇ ಹೊರಟೆ.

ನಮ್ಮ ಮನೆ ಸೋಮವಾರಪೇಟೆಯಿಂದ ಇನ್ನೂ ಒಳಗೆ, ಶಾಂತಳ್ಳಿ ಕಡೆ. ಆ ಕಡೆಯ ಜುಲೈ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಕರೆಂಟ್ ಹೋದರೆ ಯಾವಾಗ ಬರುತ್ತೋ ಅಂತ ಯಾರೂ ಕೇಳುವುದೂ ಇಲ್ಲ. ಅಪ್ಪ ದಿನಾ ಬೆಳಗ್ಗೆ ಮಳೆ ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಬರೆಯುತ್ತಾರೆ. ತೋಟ ಇರುವ ಮನೆಗಳಲ್ಲೆಲ್ಲ ಇದು ಇದ್ದದ್ದೇ. ನನಗೆ ನೋವು ಶುರುವಾದ ರಾತ್ರಿ ಅಮ್ಮ ಅದೇ ಕ್ಯಾಲೆಂಡರ್ ಎಳೆದುಕೊಂಡು, ಮೇಣದಬತ್ತಿ ಬೆಳಕಲ್ಲಿ ನನ್ನ ಬೇನೆಯ ಹೊತ್ತು ಬರೆದಳು. 1.10, 1.25, 1.37. ಪಕ್ಕದಲ್ಲೇ ಅಪ್ಪನ ಕೈಬರಹದಲ್ಲಿ ಮಳೆ, 4 ಇಂಚು 20 ಸೆಂಟ್. ಆ ಹಾಳೆ ಇನ್ನೂ ಅಮ್ಮನ ಬೀರುವಿನಲ್ಲಿದೆ.

ಮೊದಲಿಗೆ ಸುಳ್ಳು ನೋವು ಅಂದುಕೊಂಡೆವು. 38ನೇ ವಾರ ಅಷ್ಟೇ. ಆ ಭಾನುವಾರ ಮಡಿಕೇರಿಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ಇರಬೇಕು ಅಂತ ಲೆಕ್ಕ ಇತ್ತು. ಆದರೆ ನಡೆದಾಡಿದರೂ ಮಲಗಿದರೂ ನೋವು ಹೋಗಲಿಲ್ಲ. ಬರಬರುತ್ತಾ ಹತ್ತಿರ ಹತ್ತಿರ, ಬರಬರುತ್ತಾ ಜಾಸ್ತಿ. ಎರಡು ಗಂಟೆಗೆ ನೀರು ಹೋಯಿತು. ಪಕ್ಕದ ತೋಟದ ಅಣ್ಣ ಜೀಪು ತಂದರು.

ಸೋಮವಾರಪೇಟೆಯಿಂದ ಮಡಿಕೇರಿಗೆ ಸುಮಾರು 40 ಕಿಲೋಮೀಟರ್. ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಇದೇ ದಾರಿಯ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆ ಗುಡ್ಡ ಜರಿದು ಎಷ್ಟೋ ಮನೆ ಹೋಗಿದ್ದವು. ಎಲ್ಲರ ತಲೆಯಲ್ಲೂ ಅದೇ, ಆದರೆ ಯಾರೂ ಬಾಯಿ ಬಿಡಲಿಲ್ಲ. ಒಂದು ಕಡೆ ಮರ ಬಿದ್ದಿತ್ತು. ಜೀಪಿನಲ್ಲಿ ಕತ್ತಿ ಇತ್ತು, ಪುಣ್ಯಕ್ಕೆ. ಅವರು ಟಾರ್ಚ್ ಹಿಡಿದು ಕೊಂಬೆ ಕಡಿಯುತ್ತಿದ್ದರೆ ನಾನು ಹಿಂದಿನ ಸೀಟಿನಲ್ಲಿ ಮಂಡಿಯೂರಿ, ಕಬ್ಬಿಣದ ಸರಳು ಹಿಡಿದುಕೊಂಡು ಕೂತಿದ್ದೆ. ಹೆರಿಗೆ ಅಂದಾಗ ನನಗೆ ಇವತ್ತಿಗೂ ನೆನಪಾಗುವುದು ಡೀಸೆಲ್ ವಾಸನೆ, ಒದ್ದೆ ಟಾರ್ಪಲ್ ವಾಸನೆ.

ಆಸ್ಪತ್ರೆಯ ಹೆಸರು ಬೇಡ. ಡಾಕ್ಟರ್ ಒಳ್ಳೆಯವರು, ಕೆಲಸ ಗೊತ್ತಿದ್ದವರು. ಆದರೆ ಹೆರಿಗೆ ಕೋಣೆಗೆ ಅಮ್ಮನನ್ನು ಬಿಡಲಿಲ್ಲ. ಗರ್ಭದ ಬಾಯಿ 4 ಸೆಂಟಿಮೀಟರ್ ತೆರೆದಿದೆ, 10 ಆಗಬೇಕು ಅಂದು ಹೋದರು. ಆಮೇಲೆ ಏಳು ಗಂಟೆ ನಾನು, ಗೋಡೆ ಗಡಿಯಾರ. ಒಮ್ಮೆ ಕೂಗಿದ್ದಕ್ಕೆ ಒಬ್ಬ ನರ್ಸ್, "ಹೊರದೇಶದಲ್ಲಿರೋರು ಇಷ್ಟು ಕೂಗ್ತಾರಾ?" ಅಂದರು. ನೋವಿಗೆ ಪಾಸ್‌ಪೋರ್ಟ್ ಇರುತ್ತಾ ಹೇಳಿ! ಕೊನೆಗೆ ಬಂದವರು ವಯಸ್ಸಾದ ಆಯಾ. ಮಾತಿಲ್ಲ ಕತೆಯಿಲ್ಲ, ಪ್ರತಿ ನೋವಿಗೂ ಸೊಂಟದ ಕೆಳಗೆ ಅಂಗೈ ಒತ್ತಿ ಹಿಡಿದರು. ಮುಕ್ಕು ಅಂದಾಗ ಮುಕ್ಕಿದೆ, ಸಾಕು ಅಂದಾಗ ನಿಲ್ಲಿಸಿದೆ. ಬೆಳಗ್ಗೆ 11.20ಕ್ಕೆ ಮಗಳು. ಮಾಸು ಬಿದ್ದು, ಹೊಲಿಗೆ ಹಾಕಿ, ಅವಳನ್ನು ಎದೆ ಮೇಲಿಟ್ಟರು. ಗಂಡನಿಗೆ ಐಂಡ್‌ಹೋವನ್‌ನಲ್ಲಿ ಆಗ ಬೆಳಗ್ಗೆ ಎಂಟರ ಹತ್ತಿರ. ಅವನು ಮಗಳನ್ನು ನೋಡಿದ್ದು ಹದಿಮೂರನೇ ದಿನ.

ಹೆರಿಗೆಯಾದ ಮೇಲಿನದ್ದಕ್ಕೆ ಮಾತ್ರ ಊರೇ ಸರಿ. ಕಾಫಿ ಸೌದೆಯಲ್ಲಿ ಕಾಯಿಸಿದ ಹಂಡೆ ನೀರು, ಬೆಳ್ಳುಳ್ಳಿ, ನಮ್ಮದೇ ತೋಟದ ಒಳ್ಳೆಮೆಣಸಿನ ಸಾರು, ನಾಟಿ ಕೋಳಿ. ಪಕ್ಕದ ಕೊಡವರ ಮನೆಯ ತಾತ ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಅವರಲ್ಲಿ ಅದು ಗಂಡು ಮಗುವಿಗೆ ಇರುವ ಪದ್ಧತಿ. "ತಾತ, ಇದು ಹೆಣ್ಣು" ಅಂದರೆ, "ಕೋವಿಗೆ ಏನು ಗೊತ್ತು" ಅಂದರು.

ಎರಡು ವಿಷಯಕ್ಕೆ ಮಾತ್ರ ಅಮ್ಮನ ಜೊತೆ ಜಗಳ ಆಯಿತು. ಬಾಣಂತಿಗೆ ನೀರು ಕೊಡಬಾರದು ಅನ್ನುವುದು ಒಂದು. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ, ಕೇಳಿದಷ್ಟು ನೀರು ಕುಡಿಯಲೇಬೇಕು. ಇನ್ನೊಂದು, ಕಿಟಕಿ ಮುಚ್ಚಿ ಕೋಣೆಯೊಳಗೆ ಕೆಂಡ ಇಡುವುದು. ಅದು ಅಪಾಯ, ಕೆಂಡದ ವಿಷಗಾಳಿಗೆ ವಾಸನೆಯೂ ಇಲ್ಲ. ಕೆಂಡ ಜಗಲಿಗೆ ಹೋಯಿತು. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಕಾಗದಪತ್ರದ ವಿಷಯ ಇಲ್ಲಿ ಯಾರೂ ಹೇಳುವುದಿಲ್ಲ. ಜನನ ನೋಂದಣಿ 21 ದಿನದೊಳಗೆ ಮಾಡಿಸಿ. ನಮ್ಮ ಪ್ರಮಾಣಪತ್ರದಲ್ಲಿ ಗಂಡನ ಹೆಸರಿನ ಹಿಂದೆ ಬರೀ ಇನಿಷಿಯಲ್ ಬಂತು, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು. ತಿದ್ದಿಸಿ, ಅಪೊಸ್ಟೀಲ್ (ಹೊರದೇಶದಲ್ಲಿ ಒಪ್ಪುವಂತೆ ಹಾಕಿಸುವ ಸರ್ಕಾರಿ ಮುದ್ರೆ) ಮಾಡಿಸಿ, ಮಗುವಿನ ಪಾಸ್‌ಪೋರ್ಟ್, ಆಮೇಲೆ ಇಲ್ಲಿಗೆ ಬರುವ ಎಂವಿವಿ ವೀಸಾ. ನಾವು ವಾಪಸ್ ಬರುವಾಗ ಅವಳಿಗೆ ಆರನೇ ತಿಂಗಳು. ಆಸ್ಪತ್ರೆಯಲ್ಲಿ ಫಾರ್ಮ್ ತುಂಬುವಾಗಲೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ.

ಎರಡನೆಯದು ಇಲ್ಲೇ. 2020ರ ಜುಲೈನಿಂದ ಮಗುವಿನ ಅಪ್ಪನಿಗೆ ಇನ್ನೂ ಐದು ವಾರ ರಜೆ ಸಿಗುತ್ತಿದೆ, ಆ ಐದು ವಾರಕ್ಕೆ 70 ಪರ್ಸೆಂಟ್ ಹಣ. ಗಂಡ ಪಕ್ಕದಲ್ಲೇ ನಿಂತು ಮಾನಿಟರ್ ನೋಡಿ "ಈಗ ಬರ್ತಿದೆ, ಈಗ ಬರ್ತಿದೆ" ಅನ್ನುತ್ತಿದ್ದ. ನೋವು ನನಗೆ, ವರದಿ ಅವನದ್ದು. ಆದರೂ ಕೈ ಹಿಡಿಯಲು ಒಬ್ಬರಿದ್ದರಲ್ಲ. ಮನೆಗೆ ಬಂದ ದಿನವೇ ಕ್ರಾಮ್‌ಜೋರ್ಖ್‌ನ, ಅಂದರೆ ಮನೆಗೇ ಬಂದು ಬಾಣಂತಿ-ಮಗುವನ್ನು ನೋಡಿಕೊಳ್ಳುವ ಇಲ್ಲಿನ ಸೇವೆಯ, ಹೆಂಗಸು ಬಂದರು. ಅವರು ಬರುವ ಮುಂಚೆ ಮಂಚದ ಕಾಲಿನ ಕೆಳಗೆ ದಿಮ್ಮಿ ಕೊಟ್ಟು ಎತ್ತರ ಮಾಡಬೇಕು, ಅವರ ಸೊಂಟ ಹಿಡಿಯಬಾರದಲ್ಲ. ಎಂಟು ದಿನ ನನ್ನ ಹೊಲಿಗೆ, ಮಗುವಿನ ಜ್ವರ, ಹಾಲು ಕುಡಿಸುವುದು ಎಲ್ಲ ಅವರೇ ನೋಡಿದರು. ಇದಕ್ಕೆ ಬಸಿರು ಅಂತ ಗೊತ್ತಾದ ಕೂಡಲೇ ಹೆಸರು ಬರೆಸಿ. ಬಂದವರಿಗೆ ರಸ್ಕ್ ಮೇಲೆ ಸಕ್ಕರೆ ಮೆತ್ತಿದ ಬಣ್ಣದ ಸೋಂಪು ಹಾಕಿ ಕೊಡುವುದು ಇಲ್ಲಿನ ಪದ್ಧತಿ. ವಿಡಿಯೋದಲ್ಲಿ ಅಮ್ಮನಿಗೆ ತೋರಿಸಿದೆ. "ಸೋಂಪಾ? ಹಾಲು ಬರಲಿ ಅಂತ ನಾವೂ ಕೊಡ್ತೀವಲ್ಲ. ಆದರೆ ಸಕ್ಕರೆ ಯಾಕೆ?" ಅಂದಳು.

ಕೇಳಿದ ತಂಗಿಗೆ ನನ್ನ ಮಾತು ಇಷ್ಟೇ. ನಿಮ್ಮೂರಿಂದ ಆಸ್ಪತ್ರೆಗೆ ದಾರಿ ಎಷ್ಟು, ಒಳಗೆ ಜೊತೆಗೆ ಒಬ್ಬರನ್ನು ಬಿಡುತ್ತಾರಾ, ಇವೆರಡನ್ನು ಮೊದಲು ಫೋನ್ ಮಾಡಿ ಕೇಳಿ. ಮಳೆಗಾಲವಾದರೆ ಎರಡು ವಾರ ಮುಂಚೆಯೇ ಪೇಟೆಗೆ ಬಂದು ಇರಿ, ನಮ್ಮ ಥರ ಭಾನುವಾರ ನೋಡೋಣ ಅನ್ನಬೇಡಿ. ಈಗ ಎಷ್ಟನೇ ವಾರ ಅಂತ ಬರೆಯಿರಿ. 28 ದಾಟಿದ್ದರೆ ಹೆಚ್ಚಿನ ಏರ್‌ಲೈನ್‌ಗಳು ಡಾಕ್ಟರ್ ಚೀಟಿ ಕೇಳುತ್ತವೆ, 36 ಆದ ಮೇಲೆ ಹತ್ತಿಸಿಕೊಳ್ಳುವುದೇ ಕಷ್ಟ.