9.4 ಪರ್ಸೆಂಟ್ ಬಿಯರ್, ಒಂಬತ್ತು ವಾರ ಆದರೂ ಗ್ಯಾಸೇ ಇಲ್ಲ

ಚಳಿಚೊಂಬು (ಮಿನಿಯಾಪೊಲಿಸ್):
ಆಗಸ್ಟ್‌ನಲ್ಲಿ ಮನೆಯಲ್ಲೇ ಒಂದು ಬಾರ್ಲಿವೈನ್ (ಹೆಸರಿಗೆ ವೈನ್, ನಿಜಕ್ಕೆ ಗಡದ್ದು ಬಿಯರ್) ಮಾಡಿದ್ದೆ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಶುರುವಿನಲ್ಲಿ 1.094, ಕೊನೆಗೆ 1.022 ತೋರಿಸಿತು (ಯೀಸ್ಟ್ ಸಕ್ಕರೆ ತಿಂದಷ್ಟೂ ಅಂಕಿ ಇಳಿಯುತ್ತದೆ). ಯೀಸ್ಟ್ ಯುಎಸ್-05. ಗಾಜಿನ ಜಾಡಿಯಲ್ಲಿ ನಾಲ್ಕು ತಿಂಗಳು ಬೇಸ್‌ಮೆಂಟಿನಲ್ಲಿ ಬಿಟ್ಟೆ, ಕನ್ನಡಿ ಹಾಗೆ ತಿಳಿಯಾಯಿತು. ಆಗ ಭಾರಿ ಖುಷಿಪಟ್ಟಿದ್ದೆ! ಡಿಸೆಂಬರ್ ಮೊದಲ ವಾರ, ಬಾಟಲಿಯೊಳಗೆ ಯೀಸ್ಟ್ ತಿಂದು ಗ್ಯಾಸ್ ಬರಲಿ ಅಂತ, 85 ಗ್ರಾಂ ಸಕ್ಕರೆ ಕುದಿಸಿ ಬೆರೆಸಿ, 355 ಎಂಎಲ್‌ನ 46 ಬಾಟಲಿ ತುಂಬಿ ಮುಚ್ಚಳ ಒತ್ತಿದೆ. ಉಳಿದದ್ದನ್ನು ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೆ ಹಾಕಿದೆ. ಹಿಸುಕಿದರೆ ಗ್ಯಾಸ್ ಬಂದಿದೆಯಾ ಅಂತ ಗೊತ್ತಾಗುತ್ತದೆ ಅಲ್ವಾ? ಅದಿನ್ನೂ ಮೆತ್ತಗೇ ಇದೆ.

ನಿನ್ನೆ ಒಂದು ಬಾಟಲಿ ತೆಗೆದೆ. ‘ಟುಸ್’ ಅನ್ನಲೂ ಇಲ್ಲ. ನಮ್ಮವಳು ಒಂದು ಗುಟುಕು ಕುಡಿದು ‘ಜೋನಿಬೆಲ್ಲದ ನೀರು’ ಅಂದಳು. ಬೇಸ್‌ಮೆಂಟಿನಲ್ಲಿ 14 ಡಿಗ್ರಿ ಇದೆ. ಇನ್ನೊಂದು ಸ್ವಲ್ಪ ಸಕ್ಕರೆ ಹಾಕಿ ಮತ್ತೆ ಮುಚ್ಚಲಾ?

ಹುಳಿಹಿಟ್ಟು:
ಸಕ್ಕರೆ ಮಾತ್ರ ಹಾಕಬೇಡಿ ಮಾರಾಯರೇ! ಮೊದಲು ಹಾಕಿದ್ದು ಒಳಗೇ ಇದೆ, ತಿನ್ನುವವರಿಲ್ಲ ಅಷ್ಟೇ. ಬೇಸಿಗೆಯಲ್ಲಿ ಯೀಸ್ಟ್ ಎದ್ದು ಎರಡು ಕಂತನ್ನೂ ತಿಂದರೆ ಬಾಟಲಿ ಒಡೆಯುತ್ತದೆ. ನನ್ನ ಗ್ಯಾರೇಜಿನಲ್ಲಿ ಹಾಗೆ ಒಡೆದು ಗಾಜಿನ ಚೂರು ಸೀಲಿಂಗಿಗೆ ಚುಚ್ಚಿಕೊಂಡಿತ್ತು.

ಮೂರು ಬಾಟಲಿ ತಲೆಕೆಳಗೆ ಮಾಡಿ ತಳದ ಗಷ್ಟು ಕದಡಿ, 22–24 ಡಿಗ್ರಿ ಇರುವ ಕಡೆ ಮೂರು ವಾರ ಇಡಿ. ಇಡ್ಲಿ ಹಿಟ್ಟಿಡುವ ಹಾಗೆ ಓವನ್ ಒಳಗೆ ಬೇಡ. ಯಾರಾದರೂ ಮರೆತು ಓವನ್ ಹಚ್ಚಿದರೆ ಕತೆ ಮುಗಿಯಿತು. ವಾಟರ್ ಹೀಟರ್ ಪಕ್ಕ, ರಟ್ಟಿನ ಡಬ್ಬಿಯಲ್ಲಿ.

ಲೂವೆನ್ ಪುಟ್ಟಿ:
ಬೆಚ್ಚಗಿಟ್ಟರೆ ಸಾಕಾಗಲಿಕ್ಕಿಲ್ಲ. ನಾಲ್ಕು ತಿಂಗಳಲ್ಲಿ ಯೀಸ್ಟೆಲ್ಲ ಜಾಡಿಯ ತಳಕ್ಕೆ ಇಳಿದಿದೆ. ಬಾಟಲಿಗೆ ಬಂದ ನಾಲ್ಕು ಕಾಳು 9 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಸುಸ್ತಾಗಿವೆ. ಇಲ್ಲಿ ಬೆಲ್ಜಿಯಂನಲ್ಲಿ 8.5 ಪರ್ಸೆಂಟಿನ ಡುವೆಲ್ ಬಿಯರ್‌ಗೂ ಬಾಟಲಿ ತುಂಬುವಾಗ ಸಕ್ಕರೆಯ ಜೊತೆ ಹೊಸ ಯೀಸ್ಟ್ ಹಾಕಿ, 24 ಡಿಗ್ರಿ ಕೋಣೆಯಲ್ಲಿ ಎರಡು ವಾರ ಇಡುತ್ತಾರೆ.

ಇಸಿ-1118 ಅಂತ ಶಾಂಪೇನ್ ಯೀಸ್ಟ್ ತನ್ನಿ. 18 ಪರ್ಸೆಂಟ್ ವರೆಗೂ ತಡೆಯುತ್ತದೆ. ಮಾಲ್ಟಿನಲ್ಲಿರುವ ಮಾಲ್ಟೋಟ್ರಯೋಸ್ ಅನ್ನುವ ಸಕ್ಕರೆ ಅದಕ್ಕೆ ಸೇರುವುದಿಲ್ಲ, ಹಾಗಾಗಿ ನಿಮ್ಮ 1.022 ಜಾಸ್ತಿ ಇಳಿಯುವ ಭಯ ಕಡಿಮೆ. 2 ಗ್ರಾಂ ಯೀಸ್ಟನ್ನು ಕುದಿಸಿ ಆರಿಸಿದ 50 ಎಂಎಲ್ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ. ಬಾಟಲಿಗೆ 1 ಎಂಎಲ್. ಅಳೆಯಲು ಮಕ್ಕಳಿಗೆ ಔಷಧಿ ಹಾಕುವ ಸಿರಿಂಜ್ ಸಾಕು. ತಕ್ಷಣ ಹೊಸ ಮುಚ್ಚಳ ಒತ್ತಿ.

ಚಳಿಚೊಂಬು:
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೂರು ಬಾಟಲಿ ಬೆಚ್ಚಗಿಟ್ಟೆ, ಮೂರು ವಾರಕ್ಕೆ ಅರೆಬರೆ ಟುಸ್. ಅಷ್ಟೇ. ಆಮೇಲೆ ಪುಟ್ಟಿ ಅವರ ಮಾತು ಕೇಳಿ ಪ್ಲಾಸ್ಟಿಕ್ ಬಾಟಲಿಗೂ ಇನ್ನು ಮೂರು ಗಾಜಿನದಕ್ಕೂ ಯೀಸ್ಟ್ ಬಿಟ್ಟೆ. ಸಿರಿಂಜ್ ಮಗಳದ್ದು, ಅವಳಿಗೆ ಹೇಳಿಲ್ಲ. ಆರನೇ ದಿನಕ್ಕೆ ಪ್ಲಾಸ್ಟಿಕ್ ಸ್ವಲ್ಪ ಬಿಗಿಯಾಯಿತು. ಹದಿನಾರನೇ ದಿನ ಹೆಬ್ಬೆರಳು ಊರಿದರೂ ತಗ್ಗಲಿಲ್ಲ. ಗಾಜಿನದೊಂದು ತೆಗೆದರೆ ಬೆರಳು ದಪ್ಪ ನೊರೆ, ಅದೂ ಕಂದು ಬಣ್ಣದ್ದು.

ಉಳಿದ ಬಾಟಲಿಗಳ ಕೆಲಸ ಶನಿವಾರಕ್ಕೆ. ಮುಚ್ಚಳ ಮಾತ್ರ ಹೊಸದಾಗಿ ತರಬೇಕು.