‘ಬಯೋಸ್ವೇಲ್’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಮಳೆನೀರಿನ ನಿರ್ವಹಣೆ ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಬಯೋಸ್ವೇಲ್’ ಬಳಿ ಕೆಲಸ ನಿಂತಿದೆ. ಹಿಂದಿನ ಕರಡಿನಲ್ಲಿ ಇದನ್ನು ‘ಜೈವಿಕ ತಗ್ಗು’ ಎಂದು ಬರೆದಿದ್ದಾರೆ. ಓದಿದವರಿಗೆ ತಿಪ್ಪೆಗುಂಡಿ ನೆನಪಾದರೆ ತಪ್ಪು ಅವರದಲ್ಲ. ಅದೇ ಕರಡಿನಲ್ಲಿ ‘ಸ್ಟಾರ್ಮ್‌ವಾಟರ್’ ಎಂಬುದು ‘ಬಿರುಗಾಳಿ ನೀರು’ ಆಗಿತ್ತು. ಅದನ್ನು ‘ಮಳೆನೀರು’ ಎಂದು ತಿದ್ದಿಯಾಗಿದೆ, ಅದರ ಚರ್ಚೆ ಬೇಡ.

ಬಯೋಸ್ವೇಲ್ ಎಂಬುದು ರಸ್ತೆಯ ಅಥವಾ ವಾಹನ ನಿಲ್ಲಿಸುವ ಜಾಗದ ಅಂಚಿನುದ್ದಕ್ಕೂ ತೆಗೆಯುವ, ಆಳ ಕಡಿಮೆ, ಬಾಯಿ ಅಗಲವಾದ ಕಾಲುವೆ. ಪಕ್ಕಗಳು ಕಡಿದಾಗಿರುವುದಿಲ್ಲ, 1 ಅಡಿ ಇಳಿಯಲು 3 ಅಡಿಯಾದರೂ ಅಡ್ಡಕ್ಕೆ ಸಾಗಬೇಕು. ಒಳಗೆಲ್ಲ ಹುಲ್ಲು, ಜೊಂಡು, ನೀರು ನಿಂತರೂ ಬಿಸಿಲು ಕಾದರೂ ಬದುಕುವ ಗಿಡಗಳು. ಅವುಗಳ ಅಡಿಯಲ್ಲಿ ಮರಳು, ಕಾಂಪೋಸ್ಟ್ ಬೆರೆಸಿದ ಸಡಿಲ ಮಣ್ಣು. ಡಾಂಬರಿನ ಮೇಲಿಂದ ಬರುವ ಮೊದಲ ನೀರು ಎಣ್ಣೆ, ಟೈರಿನ ಪುಡಿ, ಸತು, ತಾಮ್ರ ಎಲ್ಲವನ್ನೂ ಹೊತ್ತು ತರುತ್ತದೆ. ಗಿಡಗಳು ಅದರ ಓಟ ತಗ್ಗಿಸುತ್ತವೆ, ಹೂಳು ಅಲ್ಲೇ ಕೂರುತ್ತದೆ, ಲೋಹವನ್ನು ಮಣ್ಣು ಹಿಡಿದುಕೊಳ್ಳುತ್ತದೆ, ಎಣ್ಣೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಡೆಯುತ್ತವೆ. ‘ಬಯೋ’ ಎಂಬುದಕ್ಕೆ ಇಲ್ಲಿ ಇಷ್ಟೇ ಅರ್ಥ. ಸ್ವಲ್ಪ ನೀರು ಇಂಗುತ್ತದೆ, ಮಿಕ್ಕದ್ದು ಮುಂದಕ್ಕೆ ಹರಿಯುತ್ತದೆ.

‘ಚರಂಡಿ’ ಸಲ್ಲದು. ನೀರನ್ನು ಆದಷ್ಟು ಬೇಗ ಸಾಗಹಾಕುವುದು ಚರಂಡಿಯ ಕೆಲಸ; ಇದು ತಡೆದು ತಡೆದು ಬಿಡುತ್ತದೆ. ‘ಬಸಿಗಾಲುವೆ’ ಚೆಲುವಾದ ಪದ, ತೋಟ ಗದ್ದೆಗಳವರ ಬಾಯಲ್ಲಿ ಇಂದಿಗೂ ಇದೆ. ಆದರೆ ಅದು ಮಣ್ಣಿನಲ್ಲಿ ಹೆಚ್ಚಾದ ನೀರನ್ನು ಹೊರಕ್ಕೆ ಬಸಿಯುತ್ತದೆ. ಇಲ್ಲಿ ಹೊರಗಿನ ನೀರು ಮಣ್ಣಿನೊಳಕ್ಕೆ ಇಳಿಯಬೇಕು. ‘ಇಂಗುಗುಂಡಿ’ ನೀರನ್ನು ನಿಲ್ಲಿಸುತ್ತದೆಯೇ ಹೊರತು ಸಾಗಿಸುವುದಿಲ್ಲ. ಮಳೆನೀರು ನಿಂತು ಇಂಗಲೆಂದು ಗಿಡ ನೆಟ್ಟ ತಗ್ಗಾದ ‘ಮಳೆತೋಟ’ವೂ ಹಾಗೆಯೇ, ಮೇಲಾಗಿ ಕೈಪಿಡಿಯಲ್ಲಿ ಅದಕ್ಕೆ ಬೇರೆ ಅಧ್ಯಾಯವಿದೆ.

ನನ್ನ ಒಲವು ‘ಇಂಗುಗಾಲುವೆ’ಯ ಕಡೆಗೆ. ಇಂಗುಗುಂಡಿ ಬಲ್ಲವರಿಗೆ ವಿವರಣೆ ಬೇಕಾಗುವುದಿಲ್ಲ. ತೊಡಕು ಒಂದೇ. ಜೇಡಿನೆಲದಲ್ಲಿ ನೀರು ಸುಲಭವಾಗಿ ಇಂಗುವುದಿಲ್ಲ; ಅಂತರ್ಜಲ ಮೇಲೆಯೇ ಇರುವಲ್ಲಿ ಕೊಳಕು ನೀರನ್ನು ಇಂಗಿಸಲೂಬಾರದು. ಅಂಥ ಕಡೆ ತಳಕ್ಕೆ ಜಲ್ಲಿ ಹಾಸಿ, ತೂತು ಕೊರೆದ ಕೊಳವೆ ಹೂತು, ಸೋಸಿದ ನೀರನ್ನು ಹೊರಕ್ಕೆ ಒಯ್ಯುತ್ತಾರೆ. ಅದನ್ನೂ ಬಯೋಸ್ವೇಲ್ ಎಂದೇ ಕರೆಯುತ್ತಾರೆ. ಇಂಗದ ಇಂಗುಗಾಲುವೆ ಎಂದರೆ ಹೇಗೆ? ‘ಸೋಸುಗಾಲುವೆ’ ಎರಡಕ್ಕೂ ಹೊಂದುತ್ತದೆ, ಆದರೆ ನಾಲಗೆಗೆ ಇನ್ನೂ ಒಗ್ಗಿಲ್ಲ. ‘ಹಸಿರುಗಾಲುವೆ’ ಎಂದು ಒಬ್ಬರು ಸೂಚಿಸಿದರು. ಜಾಹೀರಾತಿನ ಪದದಂತಿದೆ, ಕೆಲಸ ಏನೆಂದು ಹೇಳುವುದಿಲ್ಲ.

ಇನ್ನೆರಡು ಚಿಕ್ಕ ಪ್ರಶ್ನೆಗಳು. ಇಳಿಜಾರು ಹೆಚ್ಚಿದ್ದಲ್ಲಿ ಕಾಲುವೆಗೆ ಅಡ್ಡವಾಗಿ ಅಲ್ಲಲ್ಲಿ ಕಲ್ಲಿನ ಗಿಡ್ಡ ತಡೆಗಳನ್ನು ಇಡುತ್ತಾರೆ. ‘ಒಡ್ಡು’ ಎಂದರೆ ಹಳ್ಳಕ್ಕೆ ಕಟ್ಟಿದಂತೆ ದೊಡ್ಡದಾಗಿ ಕೇಳಿಸುತ್ತದೆ, ‘ಅಡ್ಡಬದು’ ಆದೀತೇ? ಎರಡನೆಯದು, ಮಳೆ ನಿಂತ ಮೇಲೂ ಕೆಲವು ಅಂಗುಲ ನೀರು ಸ್ವಲ್ಪ ಹೊತ್ತು ಉಳಿಯುವುದಕ್ಕೆ ಒಂದು ಕ್ರಿಯಾಪದ ಬೇಕು. ‘ಮಡುಗಟ್ಟು’ ಎಂದರೆ ಆಳ ಹೆಚ್ಚಾಯಿತು. ‘ನೀರು ಕಟ್ಟುವುದು’ ಎಂದರೆ ರೈತರು ಬೆಳೆಗೆ ನೀರು ಹಾಯಿಸುವುದೆಂದು ತಿಳಿಯುತ್ತಾರೆ. ಈ ನೀರು ಎರಡು ಮೂರು ದಿನಗಳೊಳಗೆ ಇಳಿದುಹೋಗದಿದ್ದರೆ ಸೊಳ್ಳೆ ಬೆಳೆಯುತ್ತದೆ ಎಂಬ ಎಚ್ಚರಿಕೆ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವುದರಿಂದ ಪದ ಸ್ಪಷ್ಟವಾಗಿರಲೇಬೇಕು. ಸದ್ಯಕ್ಕೆ ‘ನೀರು ತಂಗುವುದು’ ಎಂದು ಬರೆದಿಟ್ಟಿದ್ದೇನೆ.

ಹೊಲದ ನೀರು ಮಣ್ಣು ಕೊಚ್ಚದೆ ಇಳಿಯಲೆಂದು ಹುಲ್ಲು ಬೆಳೆಯಲು ಬಿಟ್ಟ ಆಳವಿಲ್ಲದ ನೀರುದಾರಿಗೆ ನಿಮ್ಮ ಕಡೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಆಡುಮಾತಿನಲ್ಲಿ ಅಂಥದೊಂದು ಸಿಕ್ಕರೆ ನಾನು ಕಟ್ಟಿದ ‘ಇಂಗುಗಾಲುವೆ’, ‘ಸೋಸುಗಾಲುವೆ’ ಎರಡನ್ನೂ ಸಂತೋಷದಿಂದ ಕೈಬಿಡುತ್ತೇನೆ.